ಯಾರೂ ನಡೆಯದ ಹೆಜ್ಜೆಗಳು

ದವಾಖಾನೆಯ ತೂಕದ ಮುಳ್ಳು ಎಂಬತ್ತೆಂಟಕ್ಕೆ ಹೋಗಿ ನಿಂತಿತು. ಹದಿನೈದು ದಿನದ ಹಿಂದೆ ಎಂಬತ್ತಾರಿತ್ತು.

ನಿಲಂಗಾದ ಕಿರಾಣಿ ವ್ಯಾಪಾರಿ ಕಲ್ಯಾಣಪ್ಪ ಮುಂಗೈ ಚಾಚಿದರು. "ಸ್ಮಾರ್ಟ್‌ವಾಚ್ ನೋಡ್ರಿ ಡಾಕ್ಟರ್. ದಿನಾ ಆರು ಸಾವಿರ ಹೆಜ್ಜಿ! ಮುನ್ನೂರು ಕ್ಯಾಲರಿ ಸುಟ್ಟೀನಿ!"

"ಸುಟ್ಟಿದ್ದು ಎಲ್ಲಿ ಹೋತ್ರಿ? ಶುಗರ್ ಇಳಿದಿಲ್ಲ. ನಡೀದಿದ್ರ ಸೂಜಿ ಅಂತ ಹೋದ ಸಲನೇ ಹೇಳಿದ್ದೆ. ಸೋಮವಾರದಿಂದ ಇನ್ಸುಲಿನ್ ಸೂಜಿ."

ಸೂಜಿ ಅಂದರೆ ಕಲ್ಯಾಣಪ್ಪನವರಿಗೆ ಜೀವ ಬಾಯಿಗೆ ಬರುತ್ತಿತ್ತು. ಜೊತೆಗೆ ಬಂದಿದ್ದ ಸೊಸೆ ಜಯಮಾಲಾ, ಶಾಲೆಯಲ್ಲಿ ಗಣಿತ ಕಲಿಸುವಾಕೆ, ಹುಬ್ಬು ಗಂಟಿಕ್ಕಿದಳು.

"ಸೋಮವಾರದೊಳಗ ಕಳ್ಳನ್ನ ಹಿಡೀತೀನಿ, ಮಾಮಾ."

*

ಮೊದಲ ಅನುಮಾನ ವಾಚಿನ ಮೇಲೆ. ಅದು ಗಂಡ ನೀಲಕಂಠ ಬಿಟ್ಟ ಹಳೆಯದು. ಒಳಗೆ ವಯಸ್ಸು, ಎತ್ತರ, ತೂಕ ಎಲ್ಲ ಅವನದೇ! ತಿದ್ದಿದಳು. ಮರುದಿನ ಕ್ಯಾಲರಿ ತುಸು ಇಳಿಯಿತು. ಹೆಜ್ಜೆ ಇಳಿಯಲಿಲ್ಲ.

ಎರಡನೆಯದು ಮಾವನ ಮೇಲೆ.

"ಖರೇ ಹೇಳ್ರಿ. ಅಂಗಡಿ ಗಾದಿ ಮ್ಯಾಲ ಕುಂತು ಕೈ ಝಾಡಸ್ತೀರೇನು?"

"ಇಲ್ಲವಾ! ಧೂಳಪ್ಪನ ಹೊಟೇಲ ತನಕ ಹೋಗಿ ಛಾ ಕುಡದು ಬರತೀನಿ. ಅಷ್ಟಕ್ಕೇ ವಾಚು ಆರು ಸಾವಿರ ಆತು ಅಂತದ. ಮತ್ಯಾಕ ನಡೀಲಿ?"

*

ಫೋನಿನಲ್ಲಿ ವಾಚಿನ ತಾಸುತಾಸಿನ ಲೆಕ್ಕ ತೆರೆದಳು. ಬೆಳಿಗ್ಗೆ ಎಂಟರಿಂದ ಒಂಬತ್ತು: ನಾಲ್ಕು ಸಾವಿರ. ಆ ಹೊತ್ತಿಗೆ ಮಾವ ವಾಚು ಬಿಚ್ಚಿ ಅಡುಗೆಮನೆಯ ಗೂಡಿನಲ್ಲಿಟ್ಟು, ಲಿಂಗಪೂಜೆಗೆ ಅಲುಗಾಡದೆ ಕೂತಿರುತ್ತಾರೆ! ಹೋದ ಭಾನುವಾರ ಮಾತ್ರ ಆ ತಾಸು ಸೊನ್ನೆ. ಅಂದು ಅತ್ತೆ ಕಾಂತಾಬಾಯಿ ಉದಗೀರದ ತವರಿಗೆ ಹೋಗಿದ್ದರು.

ವಾಚಿನ ಪಟ್ಟಿ ತಿರುವಿದಳು. ಮಾವನ ದಪ್ಪ ಮುಂಗೈಗೆ ಎರಡನೆಯ ತೂತು ಸಾಕು. ಆದರೆ ಸಣ್ಣ ಕೈಗೆ ಬೇಕಾಗುವ ಕೊನೆಯ ತೂತೂ ಹಿಗ್ಗಿತ್ತು. ಅದರೊಳಗೆ ಒಣಗಿದ ಜೋಳದ ಹಿಟ್ಟು.

*

"ಅತ್ತಿ, ದಿನಾ ಎಷ್ಟು ರೊಟ್ಟಿ ಬಡೀತೀರಿ?"

"ಮೂವತ್ತು. ಹೊಲದ ಆಳಿಗೂ ಬೇಕಲ್ಲ."

"ವಾಚ್ ಕಟಗೊಂಡು?"

ಬಡಿಯುವ ಕೈ ನಿಂತಿತು.

"ಒಂದಿನ ಹಂಗೇ ಕಟ್ಟಿ ನೋಡಿದ್ನೆವಾ. ಬಡದಂಗೆಲ್ಲಾ ಹೆಜ್ಜಿ ಏರತಿದ್ವು. ಹೆಜ್ಜಿ ತುಂಬಿದ್ರ ಇವರಿಗಿ ಸೂಜಿ ತಪ್ಪತದಂತ…"

"ವಾಚಿಗಿ ಕಾಲು ಕಾಣಸಂಗಿಲ್ರಿ. ಕೈ ಒಂದೇ ತಾಳಕ್ಕ ಅಲುಗಿದ್ರ ನಡದ್ರಂತ ತಿಳೀತದ. ಮಾಮಾ ಅದನ್ನ ನಂಬಿ ನಡಿಯೋದು ಬಿಟ್ಟಾರ. ಮ್ಯಾಲ ತುಪ್ಪ ಹಚ್ಚಿ ಎರಡು ರೊಟ್ಟಿ ಜಾಸ್ತಿ ತಿಂದಾರ."

ಬಾಗಿಲ ಮರೆಯಿಂದ ಕಲ್ಯಾಣಪ್ಪ ಇಣುಕಿದರು. "ಅಂದ್ರ ನನ್ನ ಹೆಜ್ಜಿ ನಾನೇ ತಿಂದ್ನೇನವಾ?"

*

ಸೋಮವಾರ ಡಾಕ್ಟರು ನಕ್ಕು ನಕ್ಕು ಹದಿನೈದು ದಿನದ ಮುದ್ದತು ಕೊಟ್ಟರು. ಷರತ್ತು ಎರಡು: ಪೂಜೆಯ ಹೊತ್ತಿಗೆ ವಾಚು ಸೊಸೆಯ ಪರ್ಸಿನಲ್ಲಿರಬೇಕು, ನಡಿಗೆಗೆ ಹೆಂಡತಿ ಜೊತೆಗಿರಬೇಕು.

ಅಂದು ಸಂಜೆ ಕಾಂತಾಬಾಯಿ ಮುಂದೆ, ಕಲ್ಯಾಣಪ್ಪ ಏದುಸಿರು ಬಿಡುತ್ತ ಹಿಂದೆ.

"ಸಾವಕಾಶ ನಡಿಯೇ!"

"ಸೂಜಿ ಬೇಕೇನ್ರಿ?"

ಕಲ್ಯಾಣಪ್ಪ ಧೋತರ ಎತ್ತಿಕಟ್ಟಿ ಓಡಿದರು.