ಅಂಚಿನ ಬಿಂದುಗಳು

ನಮ್ಮ ಲ್ಯಾಬಿನಲ್ಲಿ ಅವನಿಗೆ ‘ಸ್ಕೇಲು’ ಎಂದೇ ಹೆಸರು. ಪೆನ್ನು, ಟೀ ಲೋಟ, ಕೊನೆಗೆ ಮಾತನ್ನೂ ಅಳೆದು ಇಡುವ ಆಸಾಮಿ. ನನ್ನ ಮೇಜಿಗೆ ಬರುತ್ತಿದ್ದದ್ದು ಬುಧವಾರ ಮಾತ್ರ, ಸರಿಯಾಗಿ ಹನ್ನೊಂದಕ್ಕೆ. ಎರಡು ವರ್ಷ ಆ ಬುಧವಾರಗಳಿಗಾಗಿ ಕಾದಿದ್ದೇನೆ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಈ ಶುಕ್ರವಾರ ಇಲ್ಲಿ ನನ್ನ ಕೆಲಸ ಮುಗಿಯುತ್ತಿತ್ತು. ಸೋಮವಾರದಿಂದ ಬೇರೆ ಊರಿನಲ್ಲಿ ಹೊಸ ಕೆಲಸ, ರೈಲಿನಲ್ಲಿ ಮೂರು ಗಂಟೆ. ಅವನಿಗೂ ಗೊತ್ತಿತ್ತು. ಕೊನೆಯ ಬುಧವಾರ ಬಂದವನೇ ಲ್ಯಾಪ್‌ಟಾಪ್ ತೆರೆದ.

“ಮತ್ತೆ ಕೆಟ್ಟೋಯ್ತು.”

ವಿಮಾನದ ರೆಕ್ಕೆಯ ಮೇಲೆ ಹರಿಯುವ ಗಾಳಿಯ ಲೆಕ್ಕ. ಗಾಳಿಯ ಜಾಗವನ್ನು ತುಂಡು ತುಂಡು ಮಾಡಿ, ಪ್ರತಿ ತುಂಡಿನ ಉದ್ದಕ್ಕೂ ಒಂಬತ್ತು ಬಿಂದು ಇಟ್ಟಿದ್ದ. ನಡುವೆ ಗೆರೆ ನಯವಾಗಿತ್ತು, ಅಂಚಿನಲ್ಲಿ ಹುಚ್ಚು ಹಿಡಿದಂತೆ ಕುಣಿಯುತ್ತಿತ್ತು.

“ಮತ್ತೆ ಸಮದೂರದಲ್ಲೇ ಇಟ್ಟಿದ್ದೀಯಲ್ಲೋ ಪುಣ್ಯಾತ್ಮ. ಎಷ್ಟು ಸಲ ಹೇಳ್ಬೇಕು?”

“ನೋಡೋಕೆ ಚೆನ್ನಾಗಿರುತ್ತೆ ಅಂತ.”

“ನಡುವೆ ದೂರದೂರ ಇದ್ರೂ ನಡೆಯುತ್ತೆ. ಅಂಚಿನ ಹತ್ರ ಬಂದ ಹಾಗೆ ಒತ್ತೊತ್ತಾಗಿ ಇಡ್ಬೇಕು. ಕೈ ತಪ್ಪೋದು ಅಲ್ಲೇ.”

ಅವನು ನನ್ನ ಮುಖವನ್ನು ಬೇಕಾದ್ದಕ್ಕಿಂತ ಒಂದು ಕ್ಷಣ ಜಾಸ್ತಿ ನೋಡಿದ. ಆಮೇಲೆ, “ಸರಿ, ಮುಂದಿನ ಬುಧವಾರ ತೋರಿಸ್ತೀನಿ,” ಎಂದು ಅಭ್ಯಾಸಬಲದಿಂದ ಹೇಳಿ ಹೊರಟೇಹೋದ. ಮುಂದಿನ ಬುಧವಾರ ನಾನೆಲ್ಲಿರುತ್ತೇನೆ? ನಾನು ಹೇಳಿದ್ದೆಲ್ಲ ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ಸಿಟ್ಟೂ ಬಂತು, ಅಳುವೂ ಬಂತು.

ಗುರುವಾರ ಬೆಳಿಗ್ಗೆ ಬಂದು ಸ್ಟೇಪ್ಲರ್ ಕೇಳಿದ. ಸಂಜೆ ಬಂದು ವಾಪಸ್ ಕೊಟ್ಟ. ಶುಕ್ರವಾರ ಹತ್ತಕ್ಕೆ ನನ್ನ ಡಬ್ಬಗಳಿಗೆ ಟೇಪ್ ತಂದ, ಹನ್ನೆರಡಕ್ಕೆ ಕತ್ತರಿ. ಒಂದಕ್ಕೆ ಬರಿಗೈಯಲ್ಲಿ ಬಂದ. ಒಂದೂವರೆಗೆ ಮತ್ತೆ ಬಂದ, ಆಗಲೂ ಬರಿಗೈ.

“ಏನೋ ಇದು, ಕಾಲಿಗೆ ಚಕ್ರ ಕಟ್ಕೊಂಡಿದ್ದೀಯಾ?”

“ನೀನೇ ಹೇಳಿದ್ದಲ್ವಾ, ಅಂಚಲ್ಲಿ ಒತ್ತೊತ್ತಾಗಿ ಇಡು ಅಂತ.” ಅವನ ಕಿವಿ ಕೆಂಪಾಗಿತ್ತು. “ಲೆಕ್ಕ ನಿನ್ನೆಯಿಂದ ಓಡ್ತಾ ಇದೆ, ಕುಣೀತಿಲ್ಲ. ಆಮೇಲೆ ನನ್ನ ಎರಡು ವರ್ಷ ನೋಡ್ಕೊಂಡೆ. ಬರೀ ಬುಧವಾರ. ದಡ್ಡ ನಾನು. ನಿನ್ನ ಬಿಟ್ಟಿರೋಕೆ ಆಗಲ್ಲ ಕಣೇ.”

ಟೇಪ್ ಡಬ್ಬಕ್ಕೆ ಅಂಟುವ ಬದಲು ನನ್ನ ಬೆರಳಿಗೆ ಅಂಟಿತ್ತು. ಅವನು ನಿಧಾನವಾಗಿ ಬಿಡಿಸಿದ. ಬಿಡಿಸಿದ ಮೇಲೂ ಕೈ ಬಿಡಲಿಲ್ಲ.

“ಆ ಕೆಲಸ ನಾನು ಬಿಡಲ್ಲ,” ಎಂದೆ.

“ಬಿಡು ಅಂತ ಯಾರು ಹೇಳಿದ್ರು?”

“ಹಾಗಾದ್ರೆ ಹೇಳು. ಒಂದು ತುಂಡಿನ ಕೊನೇ ಬಿಂದು, ಪಕ್ಕದ ತುಂಡಿಗೆ ಏನಾಗುತ್ತೆ?”

ಪರೀಕ್ಷೆಗೆ ಕೂತವನಂತೆ ಯೋಚಿಸಿದ. “ಮೊದಲನೇದು. ಅಲ್ಲೂ ಒತ್ತೊತ್ತಾಗಿ ಇಡ್ಬೇಕು.”

“ಸೋಮವಾರ ಬಾ. ಮಂಗಳವಾರಾನೂ ಬಾ.”

“ಬುಧವಾರ?”

“ಬುಧವಾರ ಹೇಗೂ ನಿಂದೇ ಅಲ್ವಾ.”