ಸೊನ್ನೆಗಿಂತ ಹದಿನೆಂಟು ಕೆಳಗೆ

‘ನನ್ನ ಗಾಡಿಯಿಂದ ನಿಮಗೆ ಕೆಟ್ಟ ಹೆಸರು ಬರಲ್ಲ ಅಕ್ಕಾ’ ಎಂದು ಐಸ್‌ಕ್ರೀಮ್ ತರುವ ಡ್ರೈವರ್ ಮಾತು ಕೊಟ್ಟು ಎಷ್ಟೋ ವರ್ಷವಾಗಿತ್ತು.

ಈಗ ಹಾಸ್ಟೆಲಿನ ಮಕ್ಕಳು ಆಸ್ಪತ್ರೆಯಲ್ಲಿದ್ದರು. ತಿಂದದ್ದು ಈ ಶೀತಲ ಉಗ್ರಾಣದ ಐಸ್‌ಕ್ರೀಮ್. ಒಮ್ಮೆ ಕರಗಿ, ಮತ್ತೆ ಗಟ್ಟಿಯಾದದ್ದು. ಕರಗಿದ್ದೆಲ್ಲಿ?

ಎಲ್ಲರೂ ಬೆರಳು ಮಾಡಿದ್ದು ಉಗ್ರಾಣ ನೋಡಿಕೊಳ್ಳುವ ಅಕ್ಕನ ಕಡೆಗೆ. ಸಂಜೆ ಬೀಗದ ಕೈ ಕೊಟ್ಟು ಮನೆಗೆ ಹೋಗು, ನಾಳೆಯಿಂದ ಬರಬೇಡ ಎಂದಿದ್ದರು ಯಜಮಾನರು. ದಿನಾ ಜೊತೆಗೆ ಊಟಕ್ಕೆ ಕೂರುತ್ತಿದ್ದವರು ಅಂದು ಬೇರೆ ಬೆಂಚು ಹಿಡಿದರು.

ಆಹಾರ ಇಲಾಖೆಯಿಂದ ತನಿಖೆಗೆ ಬಂದ ಮೇಡಂ ಸ್ವೆಟರಿನ ಗುಂಡಿ ಹಾಕಿಕೊಂಡೇ ಒಳಗೆ ಕಾಲಿಟ್ಟರು.

"ಕರೆಂಟ್ ಹೋಗಿತ್ತಾ?"

"ಹೋಗಿತ್ತು. ತಕ್ಷಣ ಜನರೇಟರ್ ಹಾಕ್ದೆ."

"ನೋಡಿದವರು?"

"ಯಾರಿರ್ತಾರೆ ಮೇಡಂ? ಈ ಚಳೀಲಿ ನನ್ನ ಹತ್ರ ಮಾತಾಡೋದು ಆ ಫ್ಯಾನು ಒಂದೇ."

ಡ್ರೈವರ್ ಬಾಗಿಲಲ್ಲೇ ನಿಂತಿದ್ದ. ಮೇಡಂ ಅವನತ್ತ ತಿರುಗಿದರು.

"ಗಾಡಿ ಒಂದು ದಿನ ತಡ. ಯಾಕೆ?"

"ಟೈರ್ ಹೋಯ್ತು. ಬಯಲಲ್ಲಿ, ಹೆದ್ದಾರಿ ಪಕ್ಕ ನಿಲ್ಲಿಸಿದ್ದೆ. ಇಳಿಸುವಾಗ ಗಾಡಿಯ ಥರ್ಮಾಮೀಟರ್ ಮುಳ್ಳು ಮೈನಸ್ ಹದಿನೆಂಟರಲ್ಲೇ ಇತ್ತು. ಅಕ್ಕನ್ನೇ ಕೇಳಿ."

"ಹೌದು, ನಾನೇ ನೋಡಿದೆ," ಎಂದಳು ಅಕ್ಕ. ಅವನ ಪರವಾಗಿ.

ಮೇಡಂ ಉಳಿದ ಕಪ್‌ಗಳ ಮುಚ್ಚಳ ತೆಗೆದರು. ಆಮೇಲೆ ಪೆನ್ನನ್ನು ನೆಲದ ಮೇಲಿಟ್ಟರು. ಅದು ಉರುಳಲಿಲ್ಲ.

"ಎಲ್ಲ ಕಪ್‌ನಲ್ಲೂ ಐಸ್‌ಕ್ರೀಮ್ ಒಂದು ಬದಿ ಎತ್ತರ, ಇನ್ನೊಂದು ಬದಿ ತಗ್ಗು. ಈ ನೆಲ ಸಮ. ಇಲ್ಲಿ ಕರಗಿದ್ರೆ ಮಟ್ಟಸವಾಗಿ ಹೆಪ್ಪುಗಟ್ಟಬೇಕಿತ್ತು. ಹೆದ್ದಾರಿ ಪಕ್ಕದ ಬಯಲೂ ಸಮವೇ. ಇದು ಏರು ರಸ್ತೇಲಿ ನಿಂತ ಗಾಡಿಯೊಳಗೆ ಕರಗಿದ್ದು, ಅಲ್ಲೇ ರಾತ್ರಿ ಗಟ್ಟಿಯಾದದ್ದು. ಇಳಿಸೋ ಹೊತ್ತಿಗೆ ಮುಳ್ಳು ಹದಿನೆಂಟಕ್ಕೆ ಬಂದಿತ್ತು. ಮುಳ್ಳು ಹೇಳೋದು ಆ ಗಳಿಗೆಯದು ಮಾತ್ರ. ಎಲ್ಲಿ ನಿಲ್ಲಿಸಿದ್ರಿ?"

ಡ್ರೈವರ್ ಗೋಡೆಗೆ ಒರಗಿದ.

"ಮಗಳ ಮನೆ ಮುಂದೆ. ಅವಳ ಮದುವೆ ಆದಾಗಿಂದ ನಮಗೆ ಮಾತಿಲ್ಲ. ಅವತ್ತು ಬಾಗಿಲು ತೆಗೆದ್ಲು. ಗಾಡಿ ತಂಪು ಮಾಡೋ ಯಂತ್ರದ ಸದ್ದಿಗೆ ಕೂಸು ಬೆಚ್ಚಿ ಬೀಳ್ತಿತ್ತು. 'ಅಪ್ಪಾ, ಅದನ್ನ ಆರಿಸು' ಅಂದ್ಲು. ಅಪ್ಪಾ ಅಂದ್ಲು ಮೇಡಂ... ಸಂಜೆವರೆಗೂ ಆರಿಸೇ ಇಟ್ಟಿದ್ದೆ. ಆಮೇಲೆ ಮತ್ತೆ ಹಾಕಿ, ರಾತ್ರಿ ಅಲ್ಲೇ ಉಳಿದೆ."

"ಆಸ್ಪತ್ರೇಲಿ ಮಲಗಿರೋವೂ ಮಕ್ಕಳೇ," ಎಂದಳು ಅಕ್ಕ. "ಇಳಿಸುವಾಗ ಒಂದು ಮಾತು ಹೇಳಿದ್ರೆ ಅಷ್ಟನ್ನೂ ಚೆಲ್ಲಿಬಿಡ್ತಿದ್ದೆ. ಹೋಗ್ಲಿ, ಇಷ್ಟು ದಿನ ಎದುರಿಗೇ ಓಡಾಡ್ತಿದ್ದೆಯಲ್ಲೋ."



ಬೀಗದ ಕೈ ಅಕ್ಕನ ಬಳಿಯೇ ಉಳಿಯಿತು. ಡ್ರೈವರ್ ಕೊಟ್ಟ ಮಾತು ಉಳಿಯಲಿಲ್ಲ.