'ನೀವು' ಎಂಬ ಕಕ್ಷೆ

"ಇದರ ಕಕ್ಷೆ ಖಚಿತವಾದ ದಿನ ಇದಕ್ಕೆ ನಿಮ್ಮ ಹೆಸರನ್ನೇ ಇಡ್ತೀನಿ, ಕುಮಾರಿ ಸೈಮಿಯವರೇ. ಇದು ನನ್ನ ಮಾತು!"

ಐದು ಚಳಿಗಾಲಗಳ ಹಿಂದೆ, ಫಿನ್ಲೆಂಡಿನ ತುರ್ಕು ಪಟ್ಟಣದ ಬೆಟ್ಟದ ಮೇಲೆ, ವೀಕ್ಷಣಾಲಯದ ಕೋಣೆಯಲ್ಲಿ ಯುವ ಖಗೋಳಜ್ಞ ಓಲವಿ ಹೀಗೆಂದಿದ್ದ. ಮುಂದೆ ಒಂದೇ ಆಕಾಶದ, ಬೇರೆ ಬೇರೆ ಹೊತ್ತಲ್ಲಿ ತೆಗೆದ ಎರಡು ಗಾಜಿನ ಫೋಟೋಗಳು. ನಕ್ಷತ್ರಗಳೆಲ್ಲ ನಿಂತಲ್ಲೇ ನಿಂತಿದ್ದವು. ಒಂದು ಚುಕ್ಕಿ ಮಾತ್ರ ಕೂದಲೆಳೆಯಷ್ಟು ಸರಿದಿತ್ತು. ಹೊಸ ಕ್ಷುದ್ರಗ್ರಹ! ಅದನ್ನು ತೋರಿಸುವಾಗ ಅವನ ಭುಜ ಅವಳ ಭುಜಕ್ಕೆ ತಾಗಿತ್ತು...

ಅಂದಿನಿಂದ ಸೈಮಿ ಆ ಚುಕ್ಕಿಯ ದಾರಿಯನ್ನು ಲೆಕ್ಕ ಹಾಕುತ್ತಲೇ ಇದ್ದಳು. ಅದು ಸೂರ್ಯನ ಮರೆಗೆ ಹೋಗುವುದು, ಇವಳು ಹೇಳಿದ ಕಡೆ ಓಲವಿ ಮತ್ತೆ ಹುಡುಕುವುದು, ಮತ್ತೆ ಲೆಕ್ಕ. ವೀಕ್ಷಣಾಲಯವೇ ಅವಳ ಮನೆ, ತಾಯಿಯಿಲ್ಲದ ಮನೆ. ಮೇಲೆ ದೂರದರ್ಶಕ, ಕೆಳಗೆ ಅಡುಗೆಮನೆ, ನಡುವೆ ಅವಳ ಮೇಜು.

"ನೀನು ಮನೆ ಬಿಟ್ಟು ಹೋದ್ರೆ ಲೆಕ್ಕ ಯಾರು ಮಾಡ್ತಾರೆ?" ವೀಕ್ಷಣಾಲಯದ ಮುಖ್ಯಸ್ಥನಾದ ಅಪ್ಪನದು ಅದೊಂದೇ ಮಾತು.

ಇವತ್ತು ಬೆಳಿಗ್ಗೆ ಓಲವಿ ಕೋಟಿನ ಹಿಮವನ್ನೂ ಕೊಡವದೆ ಒಳಗೆ ನುಗ್ಗಿದ.

"ಸಿಕ್ತು! ನೀವು ಹೇಳಿದ ಜಾಗದಲ್ಲೇ ಇದೆ. ಕಕ್ಷೆ ಖಚಿತ! ಇನ್ನು ಹೆಸರು ಕಳಿಸೋದೊಂದೇ ಬಾಕಿ."

'ಮುಗಿಯಿತು. ನಾಡಿದ್ದು ಇವನು ಹೊಸ ಕೆಲಸಕ್ಕೆಂದು ಹೆಲ್ಸಿಂಕಿಗೆ ಹೊರಡುತ್ತಾನೆ... ನಾನು?'

"ನನ್ನ ಹೆಸರು ಬೇಡ!" ಸೈಮಿ ಲೆಕ್ಕದ ಹಾಳೆಯನ್ನು ಪಕ್ಕಕ್ಕೆ ತಳ್ಳಿದಳು. "ಅತ್ತ ಮಂಗಳನನ್ನೂ ಮುಟ್ಟದೆ, ಇತ್ತ ಗುರುವನ್ನೂ ಸೇರದೆ, ನಡುವೆ ಸುತ್ತುತ್ತಲೇ ಇರೋ ಕಲ್ಲು ಅದು. ಇಲ್ಲಿ ನಾನು ಸುತ್ತೋದು ಸಾಲ್ದಾ? ಅಲ್ಲೂ ನನ್ನನ್ನೇ ಕಟ್ಟಿಹಾಕ್ಬೇಕಾ?"

"ನಿಮಗೆ ಖುಷಿಯಾಗುತ್ತೆ ಅಂದ್ಕೊಂಡೆ, ಕುಮಾರಿ ಸೈ..."

"ಕುಮಾರಿ! ನಿಮಗೆ! ನೀವು! ನಮ್ಮ ಬೆಕ್ಕಿಗೂ 'ನೀನು' ಅಂತೀರಿ. ಐದು ವರ್ಷದಲ್ಲಿ ನನಗೆ ಒಂದ್ಸಲ ಅಂದ್ರಾ?"

ಓಲವಿ ಟೋಪಿ ತೆಗೆದು ಮೇಜಿನ ಮೇಲಿಟ್ಟ.

"ನಾನು ಹೇಗೆ ಅನ್ನಲಿ? 'ಇನ್ನು ನೀನು ಅನ್ನೋಣ' ಅಂತ ಹೆಣ್ಣೇ ಮೊದಲು ಹೇಳ್ಬೇಕು. ಗಂಡು ಹೇಳಿದ್ರೆ ಉದ್ಧಟತನ ಅಲ್ವಾ? ಊರಿಗೇ ಗೊತ್ತು! ದಿನಾ ಕಾಯ್ತಿದ್ದೆ... ನೀವು ಹೇಳ್ಲೇ ಇಲ್ಲ. ನಾನು ಬೇಡವಾದೆ ಅಂದ್ಕೊಂಡೇ ಹೆಲ್ಸಿಂಕಿ ಕೆಲಸ ಒಪ್ಕೊಂಡೆ."

ಊರಿಗೆ ಗೊತ್ತಿತ್ತು. ಹೆಣ್ಣುಮಕ್ಕಳಿಗೆ ಅದನ್ನೆಲ್ಲ ಹೇಳಿಕೊಡುವವರು ಅಮ್ಮಂದಿರು. ಸೈಮಿಗೆ ಅಪ್ಪ ಲಾಗರಿತಮ್ ಹೇಳಿಕೊಟ್ಟಿದ್ದ.

"ಸೈಮೀ, ಕಾಫಿ!" ಕೆಳಗಿನಿಂದ ಅಪ್ಪನ ಕೂಗು.

ಅವಳು ಅಭ್ಯಾಸಬಲದಿಂದ ಎದ್ದಳು... ಮತ್ತೆ ಕೂತಳು.

"ಒಲೆ ಮೇಲಿದೆ, ಬಗ್ಗಿಸ್ಕೊಳ್ಳಿ ಅಪ್ಪಾ!"

ಕೆಳಗೆ ಕುರ್ಚಿ ಸರಿದ ಸದ್ದು. ಆಮೇಲೆ ಲೋಟಕ್ಕೆ ಕಾಫಿ ಬೀಳುವ ಸದ್ದು. ಸೈಮಿ ಉಸಿರು ಬಿಟ್ಟಳು.

"ಓಲವಿ... ಇನ್ನು ನಾವು 'ನೀನು' ಅನ್ನೋಣ."

"ಸೈಮಿ..." ಅವನು ಹತ್ತಿರ ಬಂದ. "ನೀನು... ನನ್ನ ಜೊತೆ ಬರ್ತೀಯಾ?"

"ಅಂತೂ ಕರೆದೆಯಲ್ಲ! ಬರ್ತೀನಿ ಕಣೋ."

"ಹಾಗಾದ್ರೆ ಆ ಕಲ್ಲಿಗೆ ಯಾರ ಹೆಸರು?"

"ಬೆಕ್ಕಿಂದು ಇಡು," ಎಂದು ಅವಳು ಕಣ್ಣೊರೆಸಿಕೊಂಡು ನಕ್ಕಳು. "ಮೊದಲಿಂದ್ಲೂ 'ನೀನು' ಅನ್ನಿಸ್ಕೊಂಡಿದ್ದು ಅದೇ ಅಲ್ವಾ!"

ಕ್ಷುದ್ರಗ್ರಹಕ್ಕೆ ಬೆಕ್ಕಿನ ಹೆಸರೇ ಬಂತು: ಮಿರ್ರಿ. ಓಲವಿ ಕೊಟ್ಟ ಮಾತಿಗೆ ತಪ್ಪಿದ.